ಪೊಕುವಾ ಅಮ್ಮನ ಕೊಸರು

ನಮ್ಮ ಮಹಡಿಯ ಮೇಲೆ ಪ್ರತಿ ಶುಕ್ರವಾರ ಸಂಜೆ ಬುದ್ಧಿವಾದ ಹಂಚುತ್ತಾರೆ. ಹೊಸದಾಗಿ ಕಂಪನಿ ಕಟ್ಟಲು ಹೊರಟ ಹುಡುಗ ಹುಡುಗಿಯರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸಾಲಾಗಿ ಕೂರುತ್ತಾರೆ. ರಾಜಧಾನಿ ಅಕ್ರಾದಿಂದ ಕಾರಿನಲ್ಲಿ ಬಂದ ಯಾರಾದರೊಬ್ಬರು ಟೈ ಸಡಿಲಿಸಿಕೊಂಡು, ತಾವು ಹೇಗೆ ಗೆದ್ದೆವೆಂದು ಹೇಳುತ್ತಾರೆ. ನಾನು ದಪಾ ಮಾಸ್ತರ. ಶಾಲೆಯಿಂದ ನಿವೃತ್ತನಾದ ಮೇಲೆ ಈ ಮಹಡಿಯ ಬೀಗದ ಕೈ ಇಟ್ಟುಕೊಂಡಿದ್ದೇನೆ. ಏಳು ವರ್ಷದಲ್ಲಿ ಎಷ್ಟು ಟೈ ನೋಡಿದೆನೋ ನನಗೇ ಗೊತ್ತಿಲ್ಲ. ನೆನಪಿನಲ್ಲಿ ಉಳಿದ ಬುದ್ಧಿಮಾತು ಮಾತ್ರ ಒಂದೇ, ಅದನ್ನು ಹೇಳಿದವಳು ಮಹಡಿಗೆ ಒಮ್ಮೆಯೂ ಬಂದವಳಲ್ಲ. ಅವಳ ಮೊಣಕಾಲು ಮೆಟ್ಟಿಲು ಹತ್ತಲು ಒಪ್ಪುವುದಿಲ್ಲ.

ಅವಳ ಹೆಸರು ಅಫುವಾ ಪೊಕುವಾ. ಕುಮಾಸಿಯ ಬಂತಾಮಾ ಮಾರುಕಟ್ಟೆಯಲ್ಲಿ, ಸರಿಯಾಗಿ ನಮ್ಮ ಮೆಟ್ಟಿಲ ಬುಡದಲ್ಲಿ, ಅಲಸಂದೆ, ಜೋಳ, ಮರಗೆಣಸಿನ ತರಿ ಮಾರುತ್ತಾಳೆ. ಒಲೊಂಕಾ ಎಂಬ ತಗಡಿನ ಅಳತೆ ಡಬ್ಬಿಯೇ ಅವಳ ಸೇರು, ಅವಳ ತಕ್ಕಡಿ, ಅವಳ ಬ್ಯಾಂಕು. ಲಾರಿ ಓಡಿಸುತ್ತಿದ್ದ ಗಂಡ ಬೇಗ ಹೋಗಿಬಿಟ್ಟ. ಆ ಡಬ್ಬಿಯಿಂದ ಅಳೆದೂ ಸುರಿದೂ ಮೂರು ಮಕ್ಕಳನ್ನು ಓದಿಸಿದಳು. ದೊಡ್ಡವಳು ಈಗ ನರ್ಸು. ಶುಕ್ರವಾರ ಕಾರು ಬಂದು ನಿಂತರೆ ಸಾಕು, ಕೆಳಗಿನಿಂದಲೇ ಕೂಗುತ್ತಾಳೆ.

“ಮಾಸ್ತರೇ, ಇವತ್ತಿಂದು ಯಾವ ಬಣ್ಣದ ಟೈ?”

“ಕೆಂಪು, ತಾಯಿ.”

“ಕೆಂಪಾದ್ರೆ ಮಾತು ಉದ್ದ. ಊಟ ಮುಗಿಸ್ಕೊಂಡೇ ಮೇಲೆ ಹೋಗಿ.”

ಅವಳ ಲೆಕ್ಕ ಬಹಳ ಸಲ ಸರಿಯಾಗುತ್ತಿತ್ತು.

ಆ ವರ್ಷ ನಮ್ಮ ಮಹಡಿಗೆ ಬಂದವರಲ್ಲಿ ಸೆರ್ವಾ ಬಿರಾಗೊ ಎಂಬ ಹುಡುಗಿ ಇದ್ದಳು. ಒಳ್ಳೆಯ ಕೆಲಸದಲ್ಲಿದ್ದವಳು, ಆರು ತಿಂಗಳ ಸಂಬಳವಿಲ್ಲದ ರಜೆ ಹಾಕಿ ಬಂದಿದ್ದಳು. ಫೋನಿನಲ್ಲಿ ಕೇಳಿದರೆ ಕಾಳುಕಡಿಯನ್ನು ಮನೆ ಬಾಗಿಲಿಗೆ ಮುಟ್ಟಿಸುವುದು ಅವಳ ಕಂಪನಿ. ಕಲ್ಲಿಲ್ಲ, ಹುಳವಿಲ್ಲ, ಬಾಯಿ ಹೊಲಿದ ಚಂದದ ಚೀಲ, ಒಳಗೆ ಸರಿಯಾಗಿ ಎರಡು ಕಿಲೋ. ಜನ ಒಮ್ಮೆ ತರಿಸಿಕೊಂಡರು. ಮತ್ತೆ ತರಿಸಲಿಲ್ಲ. ಯಾರದೂ ದೂರಿಲ್ಲ, ಯಾರದೂ ಎರಡನೆಯ ಆರ್ಡರಿಲ್ಲ. ಜೂನ್ ಮೂವತ್ತಕ್ಕೆ ರಜೆ ಮುಗಿಯುತ್ತಿತ್ತು; ಆ ದಿನದೊಳಗೆ ಬರುತ್ತೀಯೋ ಇಲ್ಲವೋ ಬರೆದು ಕೊಡು ಎಂದು ಆಫೀಸಿನವರು ಹೇಳಿದ್ದರು. ಮನೆಯಲ್ಲಿ ಅವಳ ತಾಯಿ ಆಫೀಸಿನ ಬಟ್ಟೆಗಳನ್ನು ಇಸ್ತ್ರಿ ಮಾಡಿಟ್ಟು ಸುಮ್ಮನೆ ಕಾಯುತ್ತಿದ್ದಳು. ಬೈದಿದ್ದರೆ ಹುಡುಗಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಮಹಡಿಯ ಮೇಲೆ ಬುದ್ಧಿವಾದಕ್ಕೇನು ಬರವೇ? ಒಬ್ಬ ಟೈಯವನು ಚೀಲದ ಬಣ್ಣ ಬದಲಿಸು ಎಂದ. ಇನ್ನೊಬ್ಬ ಹಾಡುಗಾರನನ್ನು ಹಿಡಿದು ಜಾಹೀರಾತು ಮಾಡಿಸು ಎಂದ. ಟೈಗಳನ್ನು ಆಡಿಕೊಳ್ಳುವ ನಾನೂ ಬಾಯಿ ಮುಚ್ಚಿಕೊಂಡಿರಲಿಲ್ಲ. “ತೂಕಾನ ಇನ್ನೂ ದಪ್ಪ ಅಕ್ಷರದಲ್ಲಿ ಹಾಕಮ್ಮ, ಜನಕ್ಕೆ ನಂಬಿಕೆ ಬರತ್ತೆ” ಅಂದೆ. ಪಾಪ, ಹಾಕಿಸಿದಳು. ಇದ್ದಬದ್ದ ಆರ್ಡರೂ ಇಳಿಯಿತು.

ಜೂನ್ ಮೊದಲ ವಾರ ಬಿರಾಗೊ ಮಾರದೆ ಉಳಿದ ಚೀಲವೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಪಕ್ಕದಲ್ಲೇ ನಿಂತಿದ್ದೆ.

“ಏನೇ ಹುಡುಗಿ, ಮುಖ ಸುಟ್ಟ ಬಾಳೆಕಾಯಿ ಥರ ಆಗಿದೆ? ತಾ ಇಲ್ಲಿ, ಅದೇನು ಮಾರ್ತೀಯೋ ನೋಡೋಣ” ಎಂದಳು ಪೊಕುವಾ. ಚೀಲ ಬಿಚ್ಚಿ, ಕಾಳನ್ನು ಅಂಗೈಯಲ್ಲಿ ಹರಡಿ ನೋಡಿದಳು. “ಕಾಳು ನನ್ನದಕ್ಕಿಂತ ಚೆನ್ನಾಗಿದೆ. ಕೊಸರೆಲ್ಲಿ?”

“ಕೊಸರ್ಯಾಕಮ್ಮ? ಸರಿಯಾಗಿ ಎರಡು ಕಿಲೋ ಇದೆ. ಒಂದು ಗ್ರಾಂ ಕಮ್ಮಿ ಇಲ್ಲ.”

“ಕಮ್ಮಿ ಇಲ್ಲ, ಒಪ್ಪಿದೆ. ಜಾಸ್ತಿ ಎಲ್ಲಿ ಅಂತ ಕೇಳಿದ್ದು.”

“ಅದು ಅಳತೆ ಕಮ್ಮಿ ಆಗ್ಲಿ ಅಂತ ಡಬ್ಬಿಯ ತಳಾನ ಒಳಗೆ ಬಡಿದಿರ್ತಾರಲ್ಲ, ಅಂಥವರು ತಪ್ಪು ಮುಚ್ಚೋಕೆ ಕೊಡೋದು. ನಮ್ಮದು ತಕ್ಕಡಿ. ಮೋಸಾನೇ ಇಲ್ಲ ಅಂದ್ಮೇಲೆ ಕೊಸರು ಯಾಕೆ?”

ಈ ಊರಿನಲ್ಲೇ ಹುಟ್ಟಿ, ತಾಯಿಯ ಸೆರಗು ಹಿಡಿದು ಇದೇ ಮಾರುಕಟ್ಟೆಯಲ್ಲಿ ಓಡಾಡಿದ ಹುಡುಗಿ ಹೀಗೆ ಹೇಳಿದಳು. ನನಗೂ ಅದು ನ್ಯಾಯವೆಂದೇ ಕಂಡಿತು. ಪೊಕುವಾ ಮಾತ್ರ ಹೊಟ್ಟೆ ಕುಲುಕಿಸಿಕೊಂಡು ನಕ್ಕಳು.

“ನಾನೂ ಹೀಗೇ ಇದ್ದೆ ಕಣೇ. ಮಾಂಪಾಂಗ್ ಕಡೆಯಿಂದ ಚಿಕ್ಕಮ್ಮನ ಜೊತೆ ಬಂದಾಗ ನಂಗೆ ಹದಿನೇಳು. ಚಿಕ್ಕಮ್ಮ ಅಂಗಡಿ ಬಿಟ್ಟುಕೊಟ್ಟಳು. ನಾನು ಬಲು ಪ್ರಾಮಾಣಿಕಳು ನೋಡು, ಹೊಸ ಡಬ್ಬಿ ತಂದೆ, ತಳ ಬಡೀಲಿಲ್ಲ. ತುಂಬಿಸಿ, ಕೋಲಿನಲ್ಲಿ ಬಾಯಿಗೆ ಸಮ ಗೀರಿ ಕೊಟ್ಟೆ. ಮೂರು ತಿಂಗಳಿಗೆ ನನ್ನ ಅಂಗಡಿ ಮುಂದೆ ನೊಣಾನೂ ನಿಲ್ಲಲಿಲ್ಲ. ಪಕ್ಕದವಳ ಡಬ್ಬಿ ತಳ ನನ್ನ ಮುಷ್ಟಿಯಷ್ಟು ಒಳಗಿತ್ತು, ಆದ್ರೂ ಅವಳ ಮುಂದೆ ಜಾತ್ರೆ.”

“ಮತ್ತೆ?”

“ಮತ್ತೇನು, ನಾಳೆ ಶನಿವಾರ. ಬಂದು ನನ್ನ ಜೊತೆ ನಿಂತ್ಕೋ. ಬಾಯಲ್ಲಿ ಹೇಳಿದ್ರೆ ನಿಮ್ಮ ಟೈನೋರ ಥರ ಆಗತ್ತೆ.”

ಶನಿವಾರ ಬಿರಾಗೊ ಬಂದಳು. ಡಬ್ಬಿ ಅವಳ ಕೈಗೇ ಕೊಟ್ಟಳು ಪೊಕುವಾ. ಮೊದಲ ಗಿರಾಕಿ ಒಬ್ಬ ದಪ್ಪ ಹೆಂಗಸು, ಎರಡು ಒಲೊಂಕಾ ಅಲಸಂದೆ ಕೇಳಿದಳು. ಹುಡುಗಿ ಅಳೆದು ಹಾಕಿದಳು. ಹೆಂಗಸು ಚೀಲದ ಬಾಯಿ ತೆರೆದು ಹಿಡಿದೇ ನಿಂತಳು.

“ಆಯ್ತಮ್ಮ” ಎಂದಳು ಬಿರಾಗೊ.

ಹೆಂಗಸು ಕದಲಲಿಲ್ಲ. ಏನೂ ಕೇಳಲೂ ಇಲ್ಲ, ಚೀಲವನ್ನು ಇನ್ನಷ್ಟು ಅಗಲಿಸಿದಳು. ಆಗ ಪೊಕುವಾ ಬಗ್ಗಿ ಒಂದು ಹಿಡಿ ಕಾಳು ತೆಗೆದು ಆ ಚೀಲಕ್ಕೆ ಬಿಟ್ಟು, “ಸೊಸೆಗೆ ಹೆರಿಗೆ ಆಯ್ತಾ?” ಎಂದು ಕೇಳಿದಳು. “ಗಂಡು” ಎಂದಳು ಹೆಂಗಸು. “ಹಾಗಾದ್ರೆ ಅವನದೂ ಇರಲಿ” ಎಂದು ಪೊಕುವಾ ಇನ್ನೊಂದು ಚಿಟಿಕೆ ಹಾಕಿದಳು. ಹೆಂಗಸಿನ ಮುಖ ಅರಳಿತು. ಚೀಲ ಮುಚ್ಚಿಕೊಂಡು, ಬುಧವಾರ ಬರುತ್ತೇನೆಂದು ಹೇಳಿ ಹೋದಳು. ಮಧ್ಯಾಹ್ನದವರೆಗೆ ಹಾಗೆ ನಲವತ್ತು ಚೀಲಗಳು ಬಾಯಿ ತೆರೆದುಕೊಂಡು ನಿಂತದ್ದನ್ನು ಹುಡುಗಿ ಕಣ್ಣಾರೆ ನೋಡಿದಳು.

ಅರ್ಥವಾಯಿತು ಅಂದುಕೊಂಡೆವು. ಓದಿದವರಿಗೆ ಬೇಗ ಅರ್ಥವಾಗುತ್ತದೆ, ಅದೇ ಕಷ್ಟ. ಸೋಮವಾರದಿಂದ ಬಿರಾಗೊ ಪ್ರತಿ ಚೀಲಕ್ಕೂ ಇನ್ನೂರು ಗ್ರಾಂ ಹೆಚ್ಚು ತುಂಬಿ, ಹೊಲಿದು, ಮೇಲೆ ‘ಇನ್ನೂರು ಗ್ರಾಂ ಉಚಿತ’ ಎಂದು ಅಚ್ಚು ಹಾಕಿಸಿದಳು. ದಪ್ಪ ಅಕ್ಷರದ ಸಲಹೆ ಮತ್ತೆ ನನ್ನದೇ, ಮುಚ್ಚಿಡುವುದೇಕೆ. ಹತ್ತು ದಿನ ಕಳೆಯಿತು. ಫೋನು ತೆಪ್ಪಗಿತ್ತು.

ಚೀಲ ನೋಡಿ ಪೊಕುವಾ ಹಣೆ ಚಚ್ಚಿಕೊಂಡಳು.

“ಒಳಗೆ ಸೇರಿಸಿ ಹೊಲಿದುಬಿಟ್ರೆ ಅದು ತೂಕ ಕಣೇ, ಕೊಸರಲ್ಲ. ಅಳತೆ ಮುಗೀಬೇಕು. ಮುಗಿದ ಮೇಲೆ, ಅವಳ ಕಣ್ಣೆದುರಿಗೆ, ನಿನ್ನ ಕೈಯಿಂದ ಬೀಳಬೇಕು. ಅಳತೆ ಕಾಸಿಗೆ ಕೊಡೋದು, ಕೊಸರು ಅವಳ ಮುಖಕ್ಕೆ ಕೊಡೋದು. ಮಾಸ್ತರೇ, ಈ ದಪ್ಪ ಅಕ್ಷರ ನಿಮ್ಮದಾ?”

“ಹೌದು ತಾಯಿ.”

“ಸ್ವಲ್ಪ ದಿನ ರಜಾ ತಗೊಳ್ಳಿ.”

ನಾನು ಅವತ್ತಿನಿಂದ ಸಲಹೆ ಕೊಡುವುದನ್ನು ನಿಲ್ಲಿಸಿದೆ. ಬೇಜಾರಾಗಲಿಲ್ಲ ಎಂದರೆ ಸುಳ್ಳು.

ಉಳಿದದ್ದು ಹದಿನಾಲ್ಕು ದಿನ. ಬಿರಾಗೊ ಮೂರು ಚಕ್ರದ ಗಾಡಿಯಲ್ಲಿ ಡ್ರೈವರ ಪಕ್ಕ ತಾನೇ ಕೂತು, ಕಾಲ ಬಳಿ ಒಂದು ಗೋಣಿ ಬಿಡಿ ಕಾಳು ಇಟ್ಟುಕೊಂಡು ಹೊರಟಳು. ಹಿಂದೆ ಒಮ್ಮೆ ತರಿಸಿದ್ದ ಮನೆಗಳಿಗೆಲ್ಲ ಫೋನು ಮಾಡಿ, ಇನ್ನೊಂದು ಸಲ ತರಲೇ ಎಂದು ಕೇಳಿದ್ದಳು. ಮರ್ಯಾದೆಗೆ ಕೆಲವರು ಹೂಂ ಎಂದಿದ್ದರು. ಬಾಗಿಲಲ್ಲಿ ಚೀಲ ಕೊಡುವುದು, ಆಮೇಲೆ ಪಾತ್ರೆ ತನ್ನಿ ಎಂದು ಹೇಳಿ ಒಂದು ಹಿಡಿ ಸುರಿಯುವುದು. ಮೊದಲ ದಿನ ಅವಳಿಗೇ ನಾಚಿಕೆಯಂತೆ. ಮೂರನೆಯ ದಿನಕ್ಕೆ ಯಾವ ಮನೆಯ ಅಜ್ಜಿಗೆ ಕೆಮ್ಮು, ಯಾರ ಮಗ ಪರೀಕ್ಷೆ ಬರೆಯುತ್ತಿದ್ದಾನೆ ಎಲ್ಲ ಬಾಯಿಪಾಠ. ವಾರ ಕಳೆಯುವುದರೊಳಗೆ ಫೋನು ತಾನಾಗಿ ಬಡಿದುಕೊಳ್ಳತೊಡಗಿತು. ಎಷ್ಟೋ ಮನೆಯವರಿಗೆ ಕಂಪನಿಯ ಹೆಸರೇ ಗೊತ್ತಿರಲಿಲ್ಲ, “ಹಿಡಿ ಹಾಕುವ ಹುಡುಗಿ ಇದ್ದಾಳಾ?” ಎಂದು ಕೇಳುತ್ತಿದ್ದರು. ಆದರೂ ಅವಳ ಕೈಚೀಲದಲ್ಲಿ ಎರಡು ಪತ್ರಗಳಿದ್ದವು, ಒಂದು ಬರುತ್ತೇನೆ ಎಂದು, ಇನ್ನೊಂದು ಬರುವುದಿಲ್ಲ ಎಂದು. ಇಷ್ಟು ಮನೆ ಸಾಕೇ ಎಂಬ ಭಯ ಅವಳನ್ನು ಬಿಟ್ಟಿರಲಿಲ್ಲ.

ಜೂನ್ ಮೂವತ್ತರಂದು ಪೊಕುವಾ ಅಂಗಡಿ ತೆರೆಯಲಿಲ್ಲ. ಮೊಣಕಾಲು ಬಾತಿತ್ತು. ಮಧ್ಯಾಹ್ನ ಬಿರಾಗೊಗೆ ಫೋನು ಬಂತು: ಎರಡು ಕಿಲೋ ಅಲಸಂದೆ, ಪೊಕುವಾ ಅಮ್ಮನ ಮನೆಗೆ. ನಾನೂ ಗಾಡಿ ಹತ್ತಿದೆ. ಹುಡುಗಿಯ ಮುಖ ಬಿಗಿದಿತ್ತು. ಕನಿಕರದ ಆರ್ಡರು ಎಂದು ಅವಳಿಗೆ ಅನಿಸಿರಬೇಕು.

ಪೊಕುವಾ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಮಂಚದ ಕೆಳಗೆ ಮೂರು ಮೂಟೆ ಅಲಸಂದೆ ಕಾಣುತ್ತಿತ್ತು. ನಾನು ಅದನ್ನೂ ನೋಡಿದೆ, ಅವಳನ್ನೂ ನೋಡಿದೆ. ಅವಳು ನನ್ನತ್ತ ತಿರುಗಲೇ ಇಲ್ಲ. ಬಿರಾಗೊ ಕೊಟ್ಟ ಚೀಲದ ಹೊಲಿಗೆ ಬಿಚ್ಚಿ, ಬಾಯಿ ತೆರೆದು ಹಿಡಿದಳು. ಹುಡುಗಿ ಗೋಣಿಗೆ ಕೈಹಾಕಿ ಒಂದು ಹಿಡಿ ಕಾಳು ಬಿಟ್ಟಳು.

ಚೀಲ ತೆರೆದೇ ಇತ್ತು.

“ಕೊಟ್ಟೆನಲ್ಲಮ್ಮ.”

“ಅದು ಗಿರಾಕಿಗೆ. ಪಾಠ ಹೇಳಿದೋಳಿಗೆ?”

ಬಿರಾಗೊ ನಕ್ಕುಬಿಟ್ಟಳು. ಎರಡೂ ಕೈ ಜೋಡಿಸಿ ಬೊಗಸೆ ತುಂಬ ಸುರಿದಳು. ಆದರೂ ಚೀಲ ಮುಚ್ಚಲಿಲ್ಲ.

“ನಾಳೆ ಆಫೀಸಿಗೆ ಹೋಗ್ತೀಯಾ?” ಎಂದು ಪೊಕುವಾ ಕೇಳಿದಳು. ಅವಳ ದನಿಯಲ್ಲಿ ಆಗ ತಮಾಷೆ ಇರಲಿಲ್ಲ.

ಹುಡುಗಿ ಕೈಚೀಲದಿಂದ ಒಂದು ಪತ್ರ ತೆಗೆದು, ನಾಲ್ಕು ತುಂಡು ಮಾಡಿ, ಇನ್ನೊಂದನ್ನು ನನ್ನ ಕೈಗಿಟ್ಟಳು. “ಮಾಸ್ತರೇ, ಇದನ್ನ ಐದು ಗಂಟೆಯೊಳಗೆ ಆಫೀಸಿಗೆ ಮುಟ್ಟಿಸ್ತೀರಾ? ನಂಗೆ ಇನ್ನೂ ಒಂಬತ್ತು ಮನೆ ಇದೆ.”

“ಹಾಗಾದ್ರೆ ಮುಂದಿನ ವಾರಾನೂ ತಗೊಂಡು ಬಾ” ಎಂದು ಹೇಳಿ, ಪೊಕುವಾ ಆಗ ಚೀಲದ ಬಾಯಿ ಕಟ್ಟಿದಳು.