ಗರಡಿಯಲ್ಲಿ ಅಣ್ಣ ಅಂಗಿ ತೆಗೆದದ್ದು

ನಾನು ನಿಂತಿದ್ದದ್ದು ಮಾರೇನಹಳ್ಳಿಯ ನಮ್ಮ ಹಳೇ ಗರಡಿಮನೆಯ ಒಳಗೆ, ಬಾಗಿಲಿಗೆ ಎಡಗಡೆ, ಗದೆಗಳನ್ನು ಒರಗಿಸಿಡುವ ಗೋಡೆಯ ಪಕ್ಕ. ಕಳೆದ ವರ್ಷದ ಆಯುಧಪೂಜೆ. ಬೆಳಿಗ್ಗೆ ಏಳು ಗಂಟೆ ದಾಟಿತ್ತು. ಕುಸ್ತಿ ಆಡುವ ಕೆಮ್ಮಣ್ಣಿನ ಅಂಕಣಕ್ಕೆ ನಾವು ಮಟ್ಟಿ ಅನ್ನುತ್ತೇವೆ. ಆ ಮಟ್ಟಿಯ ಅಂಚು ನನ್ನಿಂದ ಒಂದು ಮಾರು ದೂರವೂ ಇರಲಿಲ್ಲ, ನಡುವೆ ಯಾರೂ ಅಡ್ಡ ಇರಲಿಲ್ಲ. ಹಾಗಾಗಿ ಕಂಡದ್ದನ್ನು ಕಂಡೆ ಎಂದೇ ಬರೆಯುತ್ತೇನೆ. ಕಾಣದ್ದನ್ನು ಕೇಳಿದ್ದು ಎಂದು ಹೇಳಿಯೇ ಬರೆಯುತ್ತೇನೆ.

ನಮ್ಮದು ಊರಿನ ಹಳೇ ಮನೆತನ. ಗದ್ದೆಯಿದ್ದ ಕಡೆ ಈಗ ಬಟ್ಟೆಯಂಗಡಿಗಳಿವೆ. ಗರಡಿ ಮಾತ್ರ ಇದ್ದಲ್ಲೇ ಇದೆ, ಅದರ ಕಟ್ಟುಪಾಡೂ ಇದ್ದ ಹಾಗೇ ಇದೆ. ಮಟ್ಟಿಗೆ ಅಂಗಿ ತೊಟ್ಟು ಯಾರೂ ಇಳಿಯುವ ಹಾಗಿಲ್ಲ. ಬನಿಯನ್ನೂ ಇಲ್ಲ. ಆಯುಧಪೂಜೆಯ ದಿನ ಮಣ್ಣು ಅಗೆದು, ಅರಿಶಿನ, ಮಜ್ಜಿಗೆ, ನಿಂಬೆರಸ ಹಾಕಿ ಹದ ಮಾಡುತ್ತಾರೆ. ಪೂಜೆಯಾದ ಮೇಲೆ ಮೊದಲು ಇಳಿಯುವವನು ಹಿರಿಯ ಶಿಷ್ಯ. ಕುಸ್ತಿ ಕಲಿಸಿದ ಗುರು, ಉಸ್ತಾದರು, ಅವನ ಎದೆಗೆ ಆ ಹೊಸ ಮಣ್ಣು ಬಳಿದು ಕೈ ಹಿಡಿಯುತ್ತಾರೆ. ಆಮೇಲೆ ಉಳಿದವರು. ಮೊದಲು ಇಳಿಯುವ ಆ ಜಾಗ ಬಹಳ ವರ್ಷದಿಂದ ನನ್ನ ಅಣ್ಣನದು. ದೀಪಾಂಜಲಿ ನಗರದಲ್ಲಿ ಅವನದೊಂದು ಪ್ಲಂಬಿಂಗ್ ಸಾಮಾನಿನ ಅಂಗಡಿ ಇದೆ. ಅರವತ್ತು ದಾಟಿದ ಮೇಲೂ ಸಿಮೆಂಟ್ ಪೈಪನ್ನು ಹೆಗಲ ಮೇಲೆ ಇಟ್ಟುಕೊಂಡೇ ಗಿರಾಕಿಯ ಜೊತೆ ಚೌಕಾಸಿ ಮಾಡುತ್ತಿದ್ದ.

ಅದರ ಹಿಂದಿನ ವರ್ಷ ಅಣ್ಣ ಬಂದಿರಲಿಲ್ಲ. ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ ಆಗಿದೆ ಎಂದು ಗರಡಿಯವರೆಲ್ಲ ತಿಳಿದಿದ್ದರು. ಹಾಗೆ ಹೇಳಬೇಕೆಂದು ಅಣ್ಣನೇ ಮನೆಯವರಿಂದ ಮಾತು ತೆಗೆದುಕೊಂಡಿದ್ದ. ನಿಜವಾಗಿ ಅವನಿಗೆ ಆಗಿದ್ದು ಸ್ತನದ ಕ್ಯಾನ್ಸರ್.

ಎಡ ಮೊಲೆತೊಟ್ಟಿನ ಹಿಂದೆ ಕಡಲೆಕಾಳಿನಷ್ಟು ಗಂಟು ಕಂಡಾಗ ಅವನು ಯೋಚನೆಯನ್ನೇ ಮಾಡಲಿಲ್ಲ. ಕುಸ್ತಿ ಆಡಿದ ಮೈಯಲ್ಲಿ ಅಂಥ ಗಂಟುಗಳು ಹತ್ತಾರು. ಮೊಣಕೈ ಬಿದ್ದದ್ದು, ಮೊಣಕಾಲು ಬಿದ್ದದ್ದು. ಉಸ್ತಾದರಿಗೆ ತೋರಿಸಿದ. ಅವರು ಎಳ್ಳೆಣ್ಣೆ ಬಿಸಿ ಮಾಡಿ ಹೆಬ್ಬೆರಳಲ್ಲಿ ತಿಕ್ಕಿದರು, "ಹಳೇ ಪೆಟ್ಟು, ಕರಗುತ್ತೆ ಬಿಡು" ಅಂದರು. ಇಡೀ ಬೇಸಿಗೆ ತಿಕ್ಕಿಸಿಕೊಂಡ. ಗಂಟು ಕರಗಲಿಲ್ಲ, ತೊಟ್ಟು ಒಳಕ್ಕೆ ಎಳೆದುಕೊಂಡಿತು. ಒಂದು ದಿನ ಬಟ್ಟೆ ನೆನೆಹಾಕುವಾಗ ಬನಿಯನ್ನಿನಲ್ಲಿ ರಕ್ತದ ಚುಕ್ಕೆ ಕಂಡವಳು ನನ್ನ ಅತ್ತಿಗೆ. ಅದೇ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿಸಿ ಅಣ್ಣನನ್ನು ಆಸ್ಪತ್ರೆಗೆ ಕರೆದೊಯ್ದಳು. ಇದಿಷ್ಟೂ ನಾನು ಕಂಡದ್ದಲ್ಲ, ಅತ್ತಿಗೆ ಹೇಳಿದ್ದು.

ಸ್ಕ್ಯಾನಿಂಗ್ ಕೋಣೆಯ ಮುಂದೆ ನಡೆದದ್ದು ನಾನು ಕಂಡದ್ದು. ಅಲ್ಲಿ ಕೂತವರೆಲ್ಲ ಹೆಂಗಸರು. ಕೂದಲು ಉದುರಿದ ತಲೆಗೆ ಸ್ಕಾರ್ಫ್ ಕಟ್ಟಿಕೊಂಡವರು, ಮಗಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದವರು. ನರ್ಸ್ ಹೊರಗೆ ಬಂದು ಚೀಟಿ ನೋಡಿ ಅತ್ತಿಗೆಗೆ "ಬನ್ನಿ ಮೇಡಂ" ಅಂದಳು.

"ಅವರಲ್ಲಮ್ಮ, ನಾನು," ಅಂದ ಅಣ್ಣ.

ನರ್ಸ್ ಚೀಟಿಯನ್ನು ಇನ್ನೊಮ್ಮೆ ನೋಡಿದಳು. ಬೆಂಚಿನ ಮೇಲಿದ್ದ ಒಬ್ಬ ಮುದುಕಿ, "ಗಂಡಸರಿಗೂ ಬರುತ್ತೇನಪ್ಪಾ?" ಎಂದು ಗಟ್ಟಿಯಾಗಿಯೇ ಕೇಳಿದರು.

"ಬಂದಿದೆಯಲ್ಲಮ್ಮ."

"ಹಂಗಾದ್ರೆ ನಿಂತ್ಕೊಂಡು ಯಾಕೆ ಬೆವರ್ತೀಯ, ಬಾ ಇಲ್ಲಿ ಕೂತ್ಕೋ. ನಮಗೆಲ್ಲ ಆಗಿರೋದೇ," ಎಂದು ಸರಿದು ಜಾಗ ಬಿಟ್ಟರು.

ಅಣ್ಣ ಅವರ ಪಕ್ಕ ಕೂತ. ಅಷ್ಟು ಕುಗ್ಗಿ ಕೂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಡಾಕ್ಟರಮ್ಮ ನಿಧಾನವಾಗಿ ವಿವರಿಸಿದರು. ಈ ಕ್ಯಾನ್ಸರ್ ಹೆಂಗಸರಲ್ಲಿ ಬಹಳ ಸಾಮಾನ್ಯ, ಗಂಡಸರಲ್ಲಿ ಅಪರೂಪ. ವಯಸ್ಸಾದ ಹಾಗೆ ಸಂಭವ ಹೆಚ್ಚು. ಅಪರೂಪ ಅನ್ನುವ ಕಾರಣಕ್ಕೇ ಗಂಡಸರು ತಡವಾಗಿ ಬರುತ್ತಾರೆ. "ಮನೆಯಲ್ಲಿ ಹಿಂದೆ ಯಾರಿಗಾದರೂ ಇತ್ತಾ?" ಅಂತ ಕೇಳಿದರು. ನಮ್ಮ ಚಿಕ್ಕಮ್ಮ ಎದೆಯ ಹುಣ್ಣಿನಿಂದ ಹೋಗಿದ್ದು ಆಗ ನೆನಪಾಯಿತು. ಹಾಗಾದರೆ ಅಕ್ಕತಂಗಿಯರು, ಮಗಳು ಎಲ್ಲರೂ ಒಮ್ಮೆ ತೋರಿಸಿಕೊಳ್ಳಲಿ ಅಂದರು. ಅಲ್ಲಿಗೆ ಹೋಗಿಬರುತ್ತ ಯಾವ ಕ್ಯಾನ್ಸರ್ ಯಾರಿಗೆ ಬರುತ್ತದೆ ಎಂಬುದು ಕಾರಿಡಾರಿನಲ್ಲೇ ಕಣ್ಣಿಗೆ ಬೀಳುತ್ತಿತ್ತು. ಬಾಯಿಯ ವಿಭಾಗದ ಮುಂದೆ ಕೆನ್ನೆಗೆ ಟವೆಲ್ ಒತ್ತಿಕೊಂಡ ಗಂಡಸರು, ಹೆಚ್ಚಿನವರು ದುಡಿಯುವ ವಯಸ್ಸಿನವರು. ಗರ್ಭಕೋಶದ ವಿಭಾಗದ ಮುಂದೆ ಊರುಗಳಿಂದ ಬಸ್ಸಿನಲ್ಲಿ ಬಂದ ತಾಯಂದಿರು. ರಕ್ತದ ವಿಭಾಗದಲ್ಲಿ ಮಕ್ಕಳು. ಅಣ್ಣನ ಬಾಗಿಲ ಮುಂದೆ ಮಾತ್ರ ಅವನೊಬ್ಬನೇ ಗಂಡಸು. ಅವನನ್ನು ತಿಂದದ್ದು ಅದೇ.

ಆಪರೇಷನ್ ಆಯಿತು, ಔಷಧಿ ಆಯಿತು, ಕೂದಲು ಹೋಗಿ ಬಂತು. ಕಾಯಿಲೆ ಹಿಡಿತಕ್ಕೆ ಬಂತು. ಆದರೆ ಅಣ್ಣ ಅಂಗಿಯ ಮೇಲಿನ ಗುಂಡಿಯನ್ನೂ ಬಿಚ್ಚದವನಾದ. ಗರಡಿಯ ಬೀದಿ ಬಿಟ್ಟು ಸುತ್ತುಬಳಸಿ ನಮ್ಮ ಮನೆಗೆ ಬರುತ್ತಿದ್ದ. ಎರಡನೇ ಆಯುಧಪೂಜೆ ಬಂತು. ಹಿರಿಯ ಶಿಷ್ಯ ಎರಡು ವರ್ಷ ಸತತ ಬರದಿದ್ದರೆ ಜಾಗ ಮುಂದಿನವನಿಗೆ. ಇಳಿದರೆ ಎದೆ ಕಾಣುತ್ತದೆ, ಇಳಿಯದಿದ್ದರೆ ಜಾಗ ಹೋಗುತ್ತದೆ. ಬರುತ್ತಾನೋ ಇಲ್ಲವೋ ನನಗೂ ಹೇಳಿರಲಿಲ್ಲ.

ಬಂದ. ಗಿಡ್ಡ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದ. ಅತ್ತಿಗೆ ಹೊರಗೇ ನಿಂತಳು. ಹೆಂಗಸರು ಒಳಗೆ ಬರುವ ವಾಡಿಕೆ ಇಲ್ಲ.

"ಏನಣ್ಣ, ಕಲ್ಲು ತೆಗೆಸಿದ್ರಂತೆ?" ಟೈರ್ ಅಂಗಡಿಯವನು ಶುರು ಮಾಡಿದ. ಅಣ್ಣನ ನಂತರದ ಶಿಷ್ಯ ಅವನೇ. "ಇಲ್ಲಿಗೆ ತಂದಿದ್ರೆ ಗರಡಿಗೆ ಕಾಂಪೌಂಡ್ ಕಟ್ಟಿಸ್ತಿದ್ವಿ."

ಎಲ್ಲರೂ ನಕ್ಕರು. "ಕಲ್ಲಲ್ಲ ಕಣೋ," ಅಂದ ಅಣ್ಣ. ನಗುವಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಪೂಜೆ ಮುಗಿಯಿತು. ಪೂಜಾರಪ್ಪ ಮಂಗಳಾರತಿ ತಟ್ಟೆ ಕೆಳಗಿಟ್ಟು, "ಆಪರೇಷನ್ ಆದ ಮೈ. ಬನಿಯನ್ ಇರಲಿ ಬಿಡಿ, ಈ ಒಂದ್ಸಲ ಏನೂ ಆಗಲ್ಲ," ಅಂದರು. ಕರುಣೆಯಿಂದಲೇ ಅಂದದ್ದು.

ಅಣ್ಣ ಮಟ್ಟಿಯ ಆಚೆ ಬದಿಯಲ್ಲಿದ್ದ ಉಸ್ತಾದರನ್ನು ನೋಡಿದ. "ಬನಿಯನ್ ಹಾಕ್ಕೊಂಡು ಇಳಿದೋರನ್ನ ನೀವು ಏನ್ ಮಾಡ್ತಿದ್ರಿ ಉಸ್ತಾದ್ರೇ?"

"ಕತ್ತಿನ ಪಟ್ಟಿ ಹಿಡ್ದು ಆಚೆಗೆ ಹಾಕ್ತಿದ್ದೆ."

"ನನಗೂ ಅದೇ ಆಗ್ಲಿ."

ಗುಂಡಿ ಬಿಚ್ಚಿದ. ಅಂಗಿ ತೆಗೆದು ಗೂಟಕ್ಕೆ ಹಾಕಿದ. ಬನಿಯನ್ ತೆಗೆದು ಅದರ ಮೇಲೆ ಹಾಕಿದ. ಆಮೇಲೆ ಎಲ್ಲರ ಕಡೆ ತಿರುಗಿ ನಿಂತ.

ಬಲಗಡೆ ಪೈಲ್ವಾನನ ಎದೆ. ಎಡಗಡೆ ಸಪಾಟು. ಕಂಕುಳಿಂದ ಎದೆಯ ನಡುವಿನವರೆಗೆ ಓರೆಯಾಗಿ ಒಂದು ಗೆರೆ, ಸುತ್ತ ಚರ್ಮ ಬಿಗಿದು ಹೊಳೆಯುತ್ತಿತ್ತು. ತೊಟ್ಟು ಇರಲಿಲ್ಲ.

"ಏನಣ್ಣಾ ಇದು..." ಅಂದ ಟೈರ್ ಅಂಗಡಿಯವನು.

"ಕ್ಯಾನ್ಸರ್. ಸ್ತನದ ಕ್ಯಾನ್ಸರ್."

ಹಿಂದಿನಿಂದ ಒಬ್ಬ ನಕ್ಕ, ಆಮೇಲೆ ನಗು ನುಂಗಿಕೊಂಡ. "ಅದು ಲೇಡೀಸ್‌ಗೆ ಅಲ್ವಾ ಗುರು?" ಅನ್ನುವ ಪಿಸುಮಾತು ಕೇಳಿಸಿತು.

"ಅವರಿಗೇ ಜಾಸ್ತಿ ಕಣಪ್ಪ. ನಮಗೆ ಎಲ್ಲೋ ಒಬ್ಬೊಬ್ಬರಿಗೆ. ಆ ಒಬ್ಬ ನಾನು. ನನ್ನ ಪಕ್ಕ ಕೂತಿದ್ದ ಹೆಂಗಸರು ಎಂಥ ಗಟ್ಟಿಗರು ಅಂತೀಯಾ? ನಿಮ್ಮನ್ನೆಲ್ಲ ಒಂದೇ ಪಟ್ಟಿಗೆ ಚಿತ್ ಮಾಡ್ತಾರೆ."

ಅಷ್ಟರಲ್ಲಿ ಸುತ್ತ ನಿಂತ ಗಂಡಸರೆಲ್ಲ ತಮ್ಮ ತಮ್ಮ ಎದೆ ಒತ್ತಿ ನೋಡಿಕೊಳ್ಳುತ್ತಿದ್ದರು. ಅಣ್ಣನಿಗೆ ನಗು ತಡೆಯಲಾಗಲಿಲ್ಲ.

"ಒತ್ಕೊಳ್ರಪ್ಪ, ಗಂಟು ಸಿಕ್ರೆ ನಾಚ್ಕೊಳ್ದೆ ತೋರಿಸಿ. ಆದ್ರೆ ನಿಮ್ಮಂಥೋರು ಮೊದ್ಲು ನೋಡ್ಕೋಬೇಕಾದ್ದು ಬಾಯಿ. ತಂಬಾಕು ಹಾಕೋರಿಗೆ ಬರೋದು ಅಲ್ಲಿ, ಅದೇನೂ ಅಪರೂಪ ಅಲ್ಲ. ಲೇ ಟೈರು, ಕೆನ್ನೆ ಒಳಗೆ ಏನೋ ಅದು? ಹಬ್ಬದ ದಿನಾನೂ ಬಿಡಲ್ವಾ?"

ಟೈರ್ ಅಂಗಡಿಯವನು ಹೊರಗೆ ಹೋಗಿ ಉಗಿದು, ಬಾಯಿ ಮುಕ್ಕಳಿಸಿ ಬಂದ.

ಅಣ್ಣ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡು ಮಟ್ಟಿಗೆ ಇಳಿದ. ಉಸ್ತಾದರಿಗೆ ತೊಂಬತ್ತರ ಹತ್ತಿರ. ಇಬ್ಬರು ಮೊಮ್ಮಕ್ಕಳು ತೋಳು ಹಿಡಿದು ಇಳಿಸಿದರು. ಉಸ್ತಾದರು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡರು. ಬಲ ಎದೆಗೆ ಬಳಿದರು. ಎಡಕ್ಕೆ ಬಂದಾಗ ಕೈ ನಿಂತುಬಿಟ್ಟಿತು.

"ನಾನೇ ತಿಕ್ಕಿದ್ನಲ್ಲೋ ಇದನ್ನ," ಅಂದರು. ಧ್ವನಿ ಸಣ್ಣಗಿತ್ತು, ಆದರೂ ನನಗೆ ಸ್ಪಷ್ಟವಾಗಿ ಕೇಳಿಸಿತು.

"ಎಣ್ಣೆಯಿಂದ ಬರೋದಲ್ಲ ಅದು. ಡಾಕ್ಟರಮ್ಮನ್ನ ಕೇಳಿದೀನಿ. ತೋರಿಸೋಕೆ ತಡ ಮಾಡಿದ್ದು ನಾನು. ಹಾಕಿ ಉಸ್ತಾದ್ರೇ."

"ನೋವಾಗಲ್ವಾ?"

"ಗಾಯ ಮಾದು ವರ್ಷ ಆಯ್ತು. ಹಾಕಿ, ಎಲ್ಲಾ ಕಾಯ್ತಾ ಇದಾರೆ."

ಉಸ್ತಾದರು ಅಂಗೈಯನ್ನು ಗೆರೆಯ ಉದ್ದಕ್ಕೂ ಎಳೆದರು. ಆ ಬಿಗಿದ ಚರ್ಮದ ಮೇಲೆ ಕೆಮ್ಮಣ್ಣು ಕೂತಿತು. ಆಮೇಲೆ ಕೈ ಚಾಚಿದರು, ಅಣ್ಣ ಹಿಡಿದ. ಕುಸ್ತಿ ಆಡಲಿಲ್ಲ, ಆಪರೇಷನ್ ಆದ ಕಡೆಯ ಕೈ ಊದಿಕೊಳ್ಳುತ್ತದೆ ಎಂದು ಡಾಕ್ಟರಮ್ಮ ಬೇಡ ಅಂದಿದ್ದರು. ಬರೀ ಕೈ ಹಿಡಿದು ಹಣೆಗೆ ಹಣೆ ತಾಗಿಸಿ ನಿಂತರು. ಅಣ್ಣ ಗೆದ್ದ ಕುಸ್ತಿಗಳನ್ನು ನಾನು ಬಾಲ್ಯದಿಂದ ನೋಡಿದ್ದೇನೆ, ಹೂವಿನ ಹಾರ ಹಾಕಿ ಹೆಗಲ ಮೇಲೆ ಹೊತ್ತು ತಂದದ್ದನ್ನೂ ನೋಡಿದ್ದೇನೆ. ಅವನ ತಮ್ಮ ಎಂದು ನಾನು ಎದೆಯುಬ್ಬಿಸಿ ನಿಂತದ್ದು ಆ ಬೆಳಿಗ್ಗೆಯೇ.

ಟೈರ್ ಅಂಗಡಿಯವನು ಹಬ್ಬ ಮುಗಿದ ವಾರವೇ ಬಾಯಿ ತೋರಿಸಿಕೊಂಡ. ಕೆನ್ನೆಯೊಳಗೆ ಬಿಳಿ ಮಚ್ಚೆ ಇತ್ತಂತೆ, ಇನ್ನೂ ಕ್ಯಾನ್ಸರ್ ಆಗಿರಲಿಲ್ಲವಂತೆ. ಇದು ಅವನು ಹೇಳಿದ್ದು. ಅಕ್ಕನೂ ಅಣ್ಣನ ಮಗಳೂ ಪರೀಕ್ಷೆ ಮಾಡಿಸಿಕೊಂಡರು. ಏನೂ ಇಲ್ಲ ಎಂದು ಡಾಕ್ಟರಮ್ಮ ಹೇಳುವಾಗ ನಾನು ಜೊತೆಗಿದ್ದೆ.

ಉಸ್ತಾದರು ಈ ಶಿವರಾತ್ರಿಗೆ ಮುಂಚೆ ತೀರಿಕೊಂಡರು. ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಅಣ್ಣ ಮೊದಲಿಗ. ಅವತ್ತು ಗರಡಿಯಲ್ಲಿ ಇದನ್ನು ಕಂಡು ಇಂದಿಗೂ ಬದುಕಿರುವವರಲ್ಲಿ, ಕೇಳಿದರೆ ಹೇಳಬಲ್ಲವರು ಪೂಜಾರಪ್ಪ, ಟೈರ್ ಅಂಗಡಿಯವನು, ಪಿಸುಗುಟ್ಟಿದ ನಾಗರಬಾವಿಯ ಹುಡುಗ, ಉಸ್ತಾದರ ತೋಳು ಹಿಡಿದಿದ್ದ ಅವರ ಮೊಮ್ಮಕ್ಕಳಿಬ್ಬರು, ನಾನು. ಅಣ್ಣನೂ ಇದ್ದಾನೆ, ಅಂಗಡಿಯಲ್ಲಿ ಸಿಗುತ್ತಾನೆ. ಇನ್ನು ಅತ್ತಿಗೆ: ಹೊರಗೆ ನಿಂತಿದ್ದರೂ ಸೊಂಟ ಬಗ್ಗಿಸಿ, ಆ ಗಿಡ್ಡ ಬಾಗಿಲಲ್ಲಿ ತಲೆ ತೂರಿಸಿ, ಮೊದಲಿಂದ ಕೊನೆಯವರೆಗೂ ಕಣ್ಣಾರೆ ನೋಡಿದವಳು ಅವಳು.