ದೇವಕಿ ಹಾಕಿದ ಸಹಿ

ತಿಪಟೂರು ಕಡೆಯ ದೇವಕಿ ದೆಹಲಿಗೆ ಬಂದದ್ದು ಗಂಡ ಶಂಕರನ ಹಿಂದೆ. ಅವನು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಜವಾನ. ಅವನು ತೀರಿಕೊಂಡ ಮೇಲೆ ಕ್ವಾರ್ಟರ್ಸ್ ಬಿಡಬೇಕಾಯಿತು. ಮಕ್ಕಳಿಲ್ಲ, ಊರಲ್ಲಿ ಬಾ ಎನ್ನುವವರಿಲ್ಲ. ಆಗ ಆಸರೆಯಾದವನು ಚಂದ್ರಮೋಹನ. ಕನ್ನಡದವರ ಯುಗಾದಿ ಊಟದಲ್ಲಿ ಅವಳ ಕೈಯ ಒಬ್ಬಟ್ಟು ತಿಂದು, "ಅಕ್ಕಾ, ನಮ್ಮ ಹುಡುಗಿಯರ ಹೊಟ್ಟೆಯ ಹೊಣೆ ಇನ್ನು ನಿಮ್ಮದು," ಎಂದು ಇಂದಿರಾಪುರಂ ಆಚೆಯ ಒಂದು ಖಾಸಗಿ ಹಾಸ್ಟೆಲಿಗೆ ಅಡುಗೆಗೆ ಸೇರಿಸಿದ. ಓಟದ ಹುಡುಗಿಯರ ಹಾಸ್ಟೆಲು ಅದು, ಅವನೇ ಕೋಚ್. ಒಡಹುಟ್ಟಿದವರಿಲ್ಲದ ದೇವಕಿ ದೆಹಲಿಯವರನ್ನು ನೋಡಿ ಕಲಿತು ಆ ವರ್ಷ ಅವನ ಕೈಗೆ ರಾಖಿ ಕಟ್ಟಿದಳು.

ಮೂವತ್ತು ಹುಡುಗಿಯರು. ಹೆಚ್ಚಿನವರು ಹರಿಯಾಣದ ಕಡೆಯವರು, ರೊಟ್ಟಿ ಬೆಣ್ಣೆ ಅಂದರೆ ಜೀವ. ಅವರ ನಡುವೆ ಒಬ್ಬಳು ಪೂವಮ್ಮ. ಕೊಡಗಿನ ಸುಬೇದಾರ್ ಪೆಮ್ಮಯ್ಯನ ಮಗಳು, ಹತ್ತೊಂಬತ್ತರ ಹುಡುಗಿ, ನಾನೂರು ಮೀಟರು ಓಡುವವಳು. ಬೆಳೆದದ್ದೆಲ್ಲ ದೆಹಲಿಯಲ್ಲೇ, ಆದರೂ ಅಡುಗೆಮನೆ ಬಾಗಿಲಿಗೆ ಬಂದು, "ಆಂಟಿ, ಆಜ್ ಸಾರು ಹೈ ಕ್ಯಾ?" ಎಂದು ಕೇಳಿದಳೆಂದರೆ ದೇವಕಿಗೆ ತವರೇ ಎದುರು ನಿಂತ ಹಾಗೆ.

"ಸಾರು ಇದೆ, ಅದಕ್ಕೆ ಮೊದಲು ಕನ್ನಡದಲ್ಲಿ ಕೇಳು."

"ಸಾರು ಕೊಡಿ ಆಂಟಿ, ಪ್ಲೀಸ್. ನೀವು ನಮ್ಮ ಸಾರ್‌ಗಿಂತ ಸ್ಟ್ರಿಕ್ಟು."

ಎರಡು ಸಾವಿರದ ಆರರ ಬೇಸಿಗೆಯಲ್ಲಿ ಚಂದ್ರಮೋಹನ ಒಂದು ಬಿಸ್ಕತ್ತಿನ ಡಬ್ಬಿ ತಂದುಕೊಟ್ಟ. ಒಳಗೆ ಬಿಳಿ ಪುಡಿ. "ತಾಕತ್ತಿನ ಪುಡಿ ಅಕ್ಕ. ಸಂಜೆ ಹಾಲಿಗೆ ತಲಾ ಒಂದು ಚಮಚ. ಹೇಳಿದರೆ ಈ ಹುಡುಗಿಯರು ಮೂಗು ಮುರೀತಾರೆ, ಸುಮ್ಮನೆ ಕಲಸಿ ಕೊಡಿ." ಏಲಕ್ಕಿ ಕುಟ್ಟಿ ಹಾಕಿ ವಾಸನೆ ಮುಚ್ಚಿದವಳು ದೇವಕಿಯೇ. ಎಲ್ಲರಿಗೂ ಒಂದೊಂದು ಚಮಚ ಹಾಕಿ, ಪೂವಮ್ಮನ ಲೋಟಕ್ಕೆ ಮಾತ್ರ ಎರಡು ಹಾಕುತ್ತಿದ್ದಳು. ನಮ್ಮ ಕಡೆಯ ಮಗು, ಗೆಲ್ಲಲಿ ಎಂದು.

ಪೂವಮ್ಮ ಗೆದ್ದಳು ಕೂಡ. ಗೆದ್ದವರ ಮೂತ್ರ ಪರೀಕ್ಷೆ ಮಾಡುತ್ತಾರೆಂಬುದು ದೇವಕಿಗೆ ಗೊತ್ತಾದದ್ದು ಆಮೇಲೆ. ಪರೀಕ್ಷೆಯಲ್ಲಿ ನಿಷೇಧಿತ ಮದ್ದು ಸಿಕ್ಕಿತು ಎಂಬ ಸುದ್ದಿ ಬಂದ ದಿನ ಮಧ್ಯಾಹ್ನ ಚಂದ್ರಮೋಹನ ಅಡುಗೆಮನೆಗೇ ಬಂದು ಸ್ಟೂಲ್ ಎಳೆದುಕೊಂಡು ಕುಳಿತ. ಕೈಯಲ್ಲಿ ಇಂಗ್ಲಿಷಿನಲ್ಲಿ ಟೈಪು ಮಾಡಿದ ಒಂದು ಹಾಳೆ.

"ಆ ಪುಡಿಯಲ್ಲಿ ಏನಿತ್ತು ಚಂದ್ರು?" ದೇವಕಿ ಕೇಳಿದಳು.

"ಅಂಗಡಿಯವನು ಮೋಸ ಮಾಡಿದ ಅಕ್ಕ. ಈಗ ಅದಲ್ಲ ಮುಖ್ಯ, ಹುಡುಗಿ ಉಳೀಬೇಕು. ಅವಳಿಗೆ ಗೊತ್ತಿಲ್ಲದ ಹಾಗೆ ಅಡುಗೆಯವರು ಹಾಲಿಗೆ ಹಾಕಿದರು ಅಂತ ಇದೆ ಇದರಲ್ಲಿ. ನೀವು ಸಹಿ ಹಾಕಿದರೆ ಅವಳು ಪಾರು."

"ನನ್ನನ್ನು ಏನು ಮಾಡ್ತಾರೆ?"

"ನಾನಿಲ್ವಾ?"

ನಾಲ್ಕನೇ ತರಗತಿ ಓದಿದ ದೇವಕಿ ಕನ್ನಡದಲ್ಲಿ, ಒಂದೊಂದೇ ಅಕ್ಷರ ತಿದ್ದಿ ಸಹಿ ಹಾಕಿದಳು. ತಪ್ಪು ಹೊತ್ತುಕೊಂಡೆನೆಂಬ ಅಂಜಿಕೆಗಿಂತ, ಮಗುವನ್ನು ಉಳಿಸಿದೆನೆಂಬ ಸಮಾಧಾನವೇ ಆ ಗಳಿಗೆಯಲ್ಲಿ ದೊಡ್ಡದಾಗಿತ್ತು.

ಮೂರು ವಾರ ಕಳೆದು ಪೆಮ್ಮಯ್ಯ ಬಂದ. ದೊಡ್ಡ ಮೀಸೆಯ ಆಳು, ಆ ದಿನ ಬಾಗಿಲಲ್ಲೇ ನಿಂತ. ಅದೇ ಹಾಳೆಯ ಪ್ರತಿ ಅವನ ಕೈಯಲ್ಲಿತ್ತು.

"ನನ್ನ ಮಗಳು ನಿಮಗೆ ಏನು ಮಾಡಿದ್ದಳು ತಾಯಿ?"

"ಅಯ್ಯೋ, ಉಳಿಸೋದಕ್ಕೆ ತಾನೇ ನಾನು..."

ಅವನು ಇಂಗ್ಲಿಷನ್ನು ಓದಿ, ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳಿದ. ಪುಡಿಯನ್ನು ಪೂವಮ್ಮ ಹೊರಗಿನಿಂದ ತಂದಳಂತೆ. ಕೋಚಿಗೆ ತಿಳಿಸಬೇಡಿ ಎಂದು ಕಾಡಿ ಬೇಡಿ ಹಾಲಿಗೆ ಹಾಕಿಸಿಕೊಂಡಳಂತೆ. ಕೆಳಗೆ ದೇವಕಿಯ ಗುಂಡು ಗುಂಡಾದ ಅಕ್ಷರ.

ದೇವಕಿ ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ಅವನ ಜೊತೆ ಹೊರಟಳು. ವಿಚಾರಣೆಯ ಸಮಿತಿಯ ಎದುರು ತನ್ನ ಸಂತೆ ಹಿಂದಿಯಲ್ಲಿ ಎಲ್ಲವನ್ನೂ ಹೇಳಿದಳು. ಡಬ್ಬಿ ಕೊಟ್ಟವನು ಯಾರೆಂದಳು, ಎರಡು ಚಮಚ ಹಾಕಿದ್ದನ್ನೂ ಮುಚ್ಚಿಡಲಿಲ್ಲ. ಮೇಜಿನ ಹಿಂದಿನ ಮುದುಕರು ಕೇಳಿದ್ದು ಒಂದೇ: "ಈ ಸಹಿ ನಿಮ್ಮದೇ ತಾನೆ?"

"ನನ್ನದೇ. ಆದರೆ..."

"ಡಬ್ಬಿ ಎಲ್ಲಿದೆ?"

ಡಬ್ಬಿಯನ್ನು ಸಹಿ ಹಾಕಿಸಿಕೊಂಡ ದಿನವೇ ಚಂದ್ರಮೋಹನ ಒಯ್ದಿದ್ದ. ಪೂವಮ್ಮನಿಗೆ ಎರಡು ವರ್ಷ ನಿಷೇಧವಾಯಿತು.

ಹೊರಗಿನ ಪಡಸಾಲೆಯಲ್ಲಿ ಚಂದ್ರಮೋಹನ ಎದುರಾದ. ದೇವಕಿ ಅವನ ಅಂಗಿಯ ತೋಳು ಹಿಡಿದಳು. "ಯಾಕೋ ಹೀಗೆ ಮಾಡಿದೆ? ಎಲ್ಲಾ ನನ್ನ ತಲೆಗೇ ಕಟ್ಟಿದ್ದರೂ ಹೊರ್ತಿದ್ದೆನಲ್ಲೋ!"

ಅವನು ಮೆಲ್ಲಗೆ ತೋಳು ಬಿಡಿಸಿಕೊಂಡ. "ಅಡುಗೆಯವರು ಹಾಕಿದರು ಅಂದರೆ ತಂದುಕೊಟ್ಟವರು ಯಾರು ಅಂತ ಕೇಳ್ತಾರೆ ಅಕ್ಕ. ಹುಡುಗಿಯೇ ತಂದಳು ಅಂದರೆ ಮಾತು ಅಲ್ಲಿಗೇ ನಿಲ್ಲುತ್ತೆ. ಅವಳೊಬ್ಬಳು ಹೋದಳು, ನಾನು ಹೋದರೆ ಹಾಸ್ಟೆಲೇ ಹೋಗುತ್ತೆ. ಚಲೋ, ಹೊರಡಿ." ದಾರಿ ಕೇಳಿದವರಿಗೆ ಹೇಳುವಷ್ಟೇ ತಣ್ಣಗೆ ಹೇಳಿ ಮೆಟ್ಟಿಲಿಳಿದ.

ಪೂವಮ್ಮ ಗೋಡೆಗೆ ಒರಗಿ ನಿಂತಿದ್ದಳು. ದೇವಕಿ ಹತ್ತಿರ ಹೋಗಿ ಅವಳ ಕಾಲು ಮುಟ್ಟಲು ಬಗ್ಗಿದಾಗ ಹುಡುಗಿ ತಡೆದಳು.

"ನಹೀ ಆಂಟಿ. ಸಾರ್‌ನ ನಂಬಿದ್ದು ನಿಮ್ಮ ತಪ್ಪಲ್ಲ, ನಾನೂ ನಂಬಿದ್ದೆ. ಲೇಕಿನ್ ಸೈನ್ ಮಾಡೋ ಮೊದಲು ನನ್ನನ್ನ ಒಂದು ಸಲ ಕರೀಬಹುದಿತ್ತಲ್ಲಾ? ನಾನು ಓದಿ ಹೇಳ್ತಿದ್ದೆ. ಆ ದಿನ ಮೇಲಿನ ರೂಮಲ್ಲೇ ಇದ್ದೆ."

ಪೆಮ್ಮಯ್ಯ ಮಗಳ ಹೆಗಲ ಮೇಲೆ ಕೈಯಿಟ್ಟು ಅವಳನ್ನು ಕರೆದುಕೊಂಡು ಹೋದ.