ಗ್ರಾಫ್ ಮೇಷ್ಟ್ರ ಬೆರಳು

ಹಳೆಯ ಅಂಕಪಟ್ಟಿ ಹುಡುಕುತ್ತಿದ್ದಾಗ ಫೈಲಿನಿಂದ ಒಂದು ಗ್ರಾಫ್ ಹಾಳೆ ಜಾರಿ ಬಿತ್ತು. ಎತ್ತಿಕೊಂಡರೆ ಮಗ್ಗದ ಎಣ್ಣೆಯ ವಾಸನೆ. ಇಷ್ಟು ವರ್ಷವಾದ ಮೇಲೂ ವಾಸನೆ ಉಳಿದಿರುತ್ತದೆಯೋ, ನನ್ನ ಮೂಗೇ ಅದನ್ನು ನೆನಪಿನಿಂದ ಹುಟ್ಟಿಸಿಕೊಂಡಿತೋ ಗೊತ್ತಿಲ್ಲ. ಹಾಳೆಯಲ್ಲಿ ಪೆನ್ಸಿಲಿನ ಒಂದು ಅಡ್ಡಗೆರೆ. ಗೆರೆಯ ಮೇಲೆ, ಎಡದಿಂದ ಮೂರನೇ ಚೌಕದಲ್ಲಿ, ಒಂದು ಕೆಂಪು ಚುಕ್ಕೆ. ಹುಡುಕುವುದನ್ನು ಬಿಟ್ಟು ಅಲ್ಲೇ ನೆಲದ ಮೇಲೆ ಕುಳಿತೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತೇನೋ... ಬೆಳಿಗ್ಗೆ ಕಾಲೇಜು, ಮಧ್ಯಾಹ್ನ ಎರಡರಿಂದ ಮಾರೇನಹಳ್ಳಿಯ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ನನಗೆ ಕೆಲಸ. ಸೀರೆಯ ಅಂಚಿನ ಬಳ್ಳಿ, ಹಂಸ, ಮಾವಿನಕಾಯಿಗಳನ್ನು ಕಂಪ್ಯೂಟರಿನಲ್ಲಿ ಒಂದೊಂದೇ ಚೌಕ ತುಂಬಿ ಬಿಡಿಸಬೇಕಿತ್ತು. ಅದೇ ಕೆಲಸವನ್ನು ನಲವತ್ತು ವರ್ಷ ಗ್ರಾಫ್ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಮಾಡಿದ್ದವರೊಬ್ಬರು ಅಲ್ಲಿದ್ದರು. ಶೆಡ್ಡಿನವರೆಲ್ಲ ಅವರನ್ನು ಗ್ರಾಫ್ ಮೇಷ್ಟ್ರು ಎನ್ನುತ್ತಿದ್ದರು. ಮಾಲೀಕರು ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ತಂದಾಗ ಮೇಷ್ಟ್ರು ಅದನ್ನು ಮುಟ್ಟುವುದಿಲ್ಲ ಎಂದು ಎಲ್ಲರೂ ಎಣಿಸಿದ್ದರಂತೆ. ಅವರು ಒಂದೇ ತಿಂಗಳಲ್ಲಿ ಕಲಿತುಬಿಟ್ಟರು. ಬೆಳಿಗ್ಗೆಯಿಂದ ಎರಡರವರೆಗೆ ಲ್ಯಾಪ್‌ಟಾಪ್ ಅವರದು, ಆಮೇಲೆ ನನ್ನದು. ಮಗ್ಗಗಳು ಓಡುವಾಗ ಮೇಜು ನಡುಗಿ ಮೌಸು ತಾನೇ ಸರಿದುಹೋಗುತ್ತಿತ್ತು. ಹಾಗಾಗಿ ಇಬ್ಬರಿಗೂ ಟಚ್‌ಪ್ಯಾಡೇ ಗತಿ.

ಆ ಟಚ್‌ಪ್ಯಾಡು ನನ್ನನ್ನು ಅಳಿಸುವುದೊಂದು ಬಾಕಿ. ದಿನಾ ಎರಡು ಗಂಟೆಗೆ ನಾನು ಕುಳಿತಾಗ ಅಂಗೈ ಸ್ವಲ್ಪ ತಾಗಿದರೂ ಪರದೆಯ ಮೇಲಿನ ಬಾಣ ಹುಚ್ಚು ಹಿಡಿದಂತೆ ಹಾರುತ್ತಿತ್ತು. ಹಂಸದ ಕಣ್ಣಿಗೆಂದು ಇಟ್ಟ ಚುಕ್ಕೆ ಬಾಲಕ್ಕೆ ಹೋಗಿ ಕೂರುತ್ತಿತ್ತು. ಪರದೆಯ ಕೆಳಮೂಲೆಯಲ್ಲಿ ಟಚ್‌ಪ್ಯಾಡಿನ ಒಂದು ಪುಟ್ಟ ಚಿತ್ರವಿತ್ತು. ಅದನ್ನು ಒತ್ತಿದರೆ ಒಂದು ಗೆರೆ, ಗೆರೆಯ ಮೇಲೆ ಸರಿಸುವ ಗುಂಡಿ. ಗುಂಡಿ ಎಡಕ್ಕಿದ್ದರೆ ಸೋಕಿದರೂ ಸಾಕು, ಬಾಣ ಓಡುತ್ತದೆ. ಬಲಕ್ಕಿದ್ದರೆ ಒತ್ತಿದಾಗ ಮಾತ್ರ. ನಾನು ಅದನ್ನು ತುಸು ಬಲಕ್ಕೆ ಸರಿಸಿ ಕೆಲಸ ಶುರು ಮಾಡುತ್ತಿದ್ದೆ. ಮರುದಿನ ನೋಡಿದರೆ ಮತ್ತೆ ಎಡಕ್ಕೆ. ಹಳೇ ಲ್ಯಾಪ್‌ಟಾಪ್, ಮುಚ್ಚಿದರೆ ಎಲ್ಲ ಮರೆಯುತ್ತದೆ ಎಂದು ತೀರ್ಮಾನಿಸಿದ್ದೆ.

ನಾನು ಹೋಗುವ ಹೊತ್ತಿಗೆ ಮೇಷ್ಟ್ರು ಡಬ್ಬಿ ಬಿಚ್ಚಿ ಊಟಕ್ಕೆ ಕೂರುತ್ತಿದ್ದರು. ಊಟಕ್ಕೆ ಮೊದಲು ಹೆಬ್ಬೆರಳಿನಿಂದ ಉಳಿದ ಬೆರಳುಗಳ ತುದಿಯನ್ನು ಒಂದೊಂದಾಗಿ ಒತ್ತಿ ನೋಡಿಕೊಳ್ಳುವುದು ಅವರ ಅಭ್ಯಾಸ. ಅವರಿಗೆ ಸಕ್ಕರೆ ಕಾಯಿಲೆ. ಬೆರಳು ಮರಗಟ್ಟೀತು, ಕಣ್ಣು ಮಂಜಾದೀತು, ಹುಷಾರು ಎಂದು ಡಾಕ್ಟರು ಹೇಳಿದ್ದರಂತೆ. ಅವರ ಭಯವೆಲ್ಲ ಅವೆರಡರದ್ದೇ.

“ಈ ಮಿಷನ್‌ಗೆ ಮರೆವು ಕಣಮ್ಮ. ದಿನಾ ಬಂದು ಉಜ್ಜಿ ಉಜ್ಜಿ ಸರಿ ಮಾಡ್ಕೋಬೇಕು,” ಎಂದರು ಒಂದು ದಿನ.

“ಅಯ್ಯೋ, ನಂದೂ ಅದೇ ಗೋಳು ಸಾರ್. ನಾನೂ ದಿನಾ ಸರಿ ಮಾಡ್ತೀನಿ!”

ಇಬ್ಬರೂ ಸೇರಿ ಲ್ಯಾಪ್‌ಟಾಪಿಗೆ ಮನಸಾರೆ ಬೈದೆವು. ಅವರು ನನಗೆ ಎರಡು ಹೋಳು ಸೌತೆಕಾಯಿ ಕೊಟ್ಟರು. ಸರಿ ಎಂದರೆ ಎಡಕ್ಕೋ ಬಲಕ್ಕೋ ಎಂದು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ. ನಾನು ಡಿಗ್ರಿ ಓದುತ್ತಿದ್ದವಳು ಬೇರೆ.

ಮದುವೆ ಸೀಸನ್ನಿನ ಆರ್ಡರಿನ ನಡುವೆ ಒಂದು ಮಧ್ಯಾಹ್ನ, ಗುಂಡಿ ಸರಿಸಲು ಮರೆತು ಎರಡು ಗಂಟೆಯ ಕೆಲಸ ಹಾಳು ಮಾಡಿಕೊಂಡೆ. ಸಿಟ್ಟು ನೆತ್ತಿಗೇರಿತು. ಗುಂಡಿಯನ್ನು ಬಲತುದಿಗೆ ತಳ್ಳಿ, ಮೂಲೆಯ ಆ ಪುಟ್ಟ ಚಿತ್ರವನ್ನೇ ಕಾಣದಂತೆ ತೆಗೆದುಹಾಕಿದೆ. ಚಿತ್ರವೇ ಇಲ್ಲದಿದ್ದರೆ ಅದು ಹೇಗೆ ಬದಲಾಗುತ್ತದೆ ನೋಡೋಣ ಎಂಬುದು ನನ್ನ ತರ್ಕ.

ಮರುದಿನ ಬಾಣ ಹೇಳಿದ ಮಾತು ಕೇಳಿತು. ಅದರ ಮರುದಿನವೂ ಕೇಳಿತು. ಖುಷಿಯಲ್ಲಿ ನಾನು ಮೇಷ್ಟ್ರ ಡಬ್ಬಿ ಮೇಜಿನ ಮೇಲೆ ಇಲ್ಲದ್ದನ್ನು ಗಮನಿಸಲೇ ಇಲ್ಲ. ನಾಲ್ಕನೇ ದಿನ ಮಾಲೀಕರೇ ಬಂದು ಹೇಳಿದರು.

“ಮೇಷ್ಟ್ರು ಇನ್ಮೇಲೆ ಬರಲ್ವಂತೆ. ಎಷ್ಟು ಉಜ್ಜಿದ್ರೂ ಬಾಣ ಅಲ್ಲಾಡ್ಲಿಲ್ಲ, ಬೆರಳು ಸತ್ತೋಯ್ತು ಅಂದ್ರು. ಮೂಲೇಲಿ ಅದೇನೋ ಚಿತ್ರ ಇತ್ತಂತೆ, ಅದೂ ಕಣ್ಣಿಗೆ ಕಾಣ್ತಿಲ್ಲ ಅಂತ ಅಳ್ತಾ ಹೋದ್ರಮ್ಮ. ಡಿಗ್ರಿ ಮುಗಿಸ್ಬಿಡು, ಪೂರ್ತಿ ಕೆಲ್ಸ ನಿಂಗೇನೇ.”

ನನಗೆ ಮೊದಲು ಏನೂ ಅರ್ಥವಾಗಲಿಲ್ಲ. ಲ್ಯಾಪ್‌ಟಾಪ್ ಬ್ಯಾಗಿನ ಒಳಜೇಬಿನಲ್ಲಿ ಈ ಗ್ರಾಫ್ ಹಾಳೆ ಸಿಕ್ಕಾಗ ಆಯಿತು. ಪರದೆಯ ಮೇಲಿನ ಗೆರೆಯನ್ನು ಅವರು ಹಾಳೆಗೆ ಇಳಿಸಿಕೊಂಡಿದ್ದರು. ಗುಂಡಿ ಎಲ್ಲಿ ನಿಲ್ಲಬೇಕೋ ಅಲ್ಲಿ ಕೆಂಪು ಚುಕ್ಕೆ. ಕೆಳಗೆ ದುಂಡಗಿನ ಅಕ್ಷರದಲ್ಲಿ ‘ದಿನಾ ಬೆಳಿಗ್ಗೆ’ ಎಂದಿತ್ತು. ನಲವತ್ತು ವರ್ಷ ದುಡಿದು ಒಣಗಿ ಗಟ್ಟಿಯಾದ ಬೆರಳನ್ನು ಟಚ್‌ಪ್ಯಾಡು ಗುರುತಿಸಬೇಕಾದರೆ ಗುಂಡಿ ಎಡಕ್ಕೇ ಇರಬೇಕಿತ್ತು. ಅಷ್ಟು ದಿನ ಅವರು ಸರಿ ಮಾಡಿದ್ದನ್ನು ನಾನು ಕೆಡಿಸುತ್ತಿದ್ದೆ, ನಾನು ಸರಿ ಮಾಡಿದ್ದನ್ನು ಅವರು ಕೆಡಿಸುತ್ತಿದ್ದರು.

ಹಾಳೆಯನ್ನು ಬ್ಯಾಗಿಗೆ ಹಾಕಿಕೊಂಡು ಮಾರನೆಯ ದಿನ ಹೊಸಹಳ್ಳಿಯ ಅವರ ಮನೆಗೆ ಹೋದೆ. ಹೇಳಿಬಿಡಬೇಕೆಂದೇ ಹೋದದ್ದು. ಮೇಷ್ಟ್ರು ಜಗಲಿಯ ಮೇಲೆ ಬೆರಳು ಒತ್ತಿಕೊಳ್ಳುತ್ತ ಕುಳಿತಿದ್ದರು. ನನ್ನನ್ನು ಕಂಡು ಮುಖ ಅರಳಿತು. ನನ್ನ ಕೈ ತಿರುಗಿಸಿ ಬೆರಳ ತುದಿಗಳನ್ನು ನೋಡಿದರು.

“ಮೆತ್ತಗಿವೆ. ಜೋಪಾನ ಮಾಡ್ಕೋಮ್ಮ. ನಂದು ಮುಗೀತು. ನೀನಿದೀಯಲ್ಲ, ಇನ್ನೇನು ಚಿಂತೆ?”

ಅಷ್ಟರಲ್ಲಿ ಅವರ ಹೆಂಡತಿ ಕಾಫಿ ತಂದರು. ಲೋಟ ಸುಡುತ್ತಿತ್ತು. ಮೇಷ್ಟ್ರು ಹಿಡಿದ ತಕ್ಷಣ ‘ಉಫ್’ ಎಂದು ಲೋಟವನ್ನು ಕೆಳಗಿಟ್ಟು, ಸುಟ್ಟ ಬೆರಳಿಗೆ ಊದಿಕೊಂಡರು. ಆಮೇಲೆ ಮಾತು ಮುಂದುವರಿಸಿದರು. ಸತ್ತುಹೋಗಿದೆ ಎಂದು ಅವರು ಅಳುತ್ತಿದ್ದುದು ಅದೇ ಬೆರಳಿಗೆ. ಅವರು ಅದನ್ನು ಗಮನಿಸಲಿಲ್ಲ. ನಾನು ಗಮನಿಸಿದೆ...

ಆದರೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂಬುದು ಇವತ್ತಿಗೂ ನನಗೆ ಬಗೆಹರಿದಿಲ್ಲ. ನಾಚಿಕೆಯಾಯಿತು ಎಂದುಕೊಳ್ಳುತ್ತೇನೆ, ಅದು ಪೂರ್ತಿ ನಿಜವಲ್ಲ. ಅವರು ವಿಶ್ರಾಂತಿ ತೆಗೆದುಕೊಳ್ಳಲಿ ಎಂದಿದ್ದೆ ಎಂದುಕೊಳ್ಳುತ್ತೇನೆ, ಅದು ಶುದ್ಧ ಸುಳ್ಳು. ಕೆಲಸ ಕಾಯಂ ಆಯಿತೆಂದು ಹಿಂದಿನ ಸಂಜೆ ನಮ್ಮಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದ್ದರು. ಕಾಫಿ ಕುಡಿಯುವಾಗ ಕಣ್ಣ ಮುಂದೆ ಆ ದೀಪ ಇದ್ದದ್ದಂತೂ ನಿಜ. “ಬರ್ತೀನಿ ಸಾರ್,” ಎಂದು ಎದ್ದು ಬಂದೆ. ಮತ್ತೆ ಹೋಗಲಿಲ್ಲ. ಒಂದೆರಡು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಮಾಲೀಕರಿಂದ ತಿಳಿಯಿತು. ಕೊನೆಯವರೆಗೂ ಪೆನ್ಸಿಲು ಮುಟ್ಟಲಿಲ್ಲವಂತೆ.

ಶೆಡ್ಡು ಇದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್ ಇದೆ. ಆ ಬೀದಿಯಲ್ಲಿ ಮಗ್ಗದ ಸದ್ದು ಕೇಳಿದ ನೆನಪಿರುವವರೂ ಕಡಿಮೆ.

ನಿನ್ನೆ ನನ್ನ ಹೊಸ ಲ್ಯಾಪ್‌ಟಾಪಿನ ಟಚ್‌ಪ್ಯಾಡು ನನ್ನ ಬೆರಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಪಾತ್ರೆ ತಿಕ್ಕಿ, ವಯಸ್ಸೂ ಆಗಿ, ನನ್ನ ಬೆರಳ ತುದಿಗಳೂ ಒಣಗಿವೆ. ಈ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಸೆಟ್ಟಿಂಗ್ಸ್ ತೆರೆದೆ. ಬೆರಳಿಗೆ ಉಸಿರೂದಿ ತೇವ ಮಾಡಿಕೊಂಡು, ಗುಂಡಿಯನ್ನು ನಿಧಾನವಾಗಿ ಎಡಕ್ಕೆ ಎಳೆದು, ಅವರ ಚುಕ್ಕೆ ಇದ್ದ ಕಡೆ ತಂದು ನಿಲ್ಲಿಸಿದೆ. ಬಾಣ ಓಡಿತು.

“ನಿಮ್ಮ ಬೆರಳಿಗೆ ಏನೂ ಆಗಿರ್ಲಿಲ್ಲ ಸಾರ್,” ಎಂದೆ, ಖಾಲಿ ಕೋಣೆಯಲ್ಲಿ, ಗಟ್ಟಿಯಾಗಿ. ಹೊಸಹಳ್ಳಿಯ ಆ ಜಗಲಿಯ ಮೇಲೆ ಹೇಳಬೇಕಾಗಿದ್ದದ್ದು ಅಷ್ಟೇ.